ನೋಯದೆ ಸವೆಯುವ ಮೂಳೆ

"ಮೂಳೆ ಸವೆದಿದೆ" ಎಂಬ ಮಾತನ್ನು ನಾವು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಬಳಸುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ನರಳುವವರದ್ದು ಒಂದು ಸವೆತ. ಅಲ್ಲಿ ಮೊದಲು ಸವೆಯುವುದು ಮೂಳೆಯಲ್ಲ, ಮೂಳೆಗೆ ಮೂಳೆ ಉಜ್ಜದಂತೆ ಕೀಲಿನಲ್ಲಿರುವ ನುಣುಪಾದ ಹೊದಿಕೆ. ಡಾಕ್ಟರು ಅದನ್ನು ಆಸ್ಟಿಯೊ ಆರ್ಥ್ರೈಟಿಸ್ ಎನ್ನುತ್ತಾರೆ. ಅದು ನೋಯುತ್ತದೆ, ಊದಿಕೊಳ್ಳುತ್ತದೆ, ನಾನಿದ್ದೇನೆ ಎಂದು ಕೂಗಿ ಹೇಳುತ್ತದೆ. ಇನ್ನೊಂದು ಸವೆತ ನಡೆಯುವುದು ಮೂಳೆಯ ಒಳಗೆ. ಮೂಳೆ ಒಳಗೊಳಗೇ ತೆಳುವಾಗಿ, ಟೊಳ್ಳಾಗಿ, ಒಂದು ದಿನ ಸಣ್ಣ ಪೆಟ್ಟಿಗೇ ಮುರಿಯುತ್ತದೆ. ಅದು ಆಸ್ಟಿಯೊಪೊರೋಸಿಸ್. ಮುರಿಯುವ ತನಕ ಅದಕ್ಕೆ ನೋವಿಲ್ಲ, ಊತವಿಲ್ಲ, ಏನೂ ಇಲ್ಲ. ಹತ್ತಿಪ್ಪತ್ತು ವರ್ಷ ನಡೆದರೂ ಮೈಯ ಒಡೆಯನಿಗೆ ಸುಳಿವು ಸಿಗುವುದಿಲ್ಲ.

ಇದರಿಂದ ಆಗುವ ಎಡವಟ್ಟು ನೋಡಿ. ಮಂಡಿ ನೋವಿನವರು "ಮೂಳೆ ಸವೆದಿದೆ" ಎಂದು ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾರೆ. ಅದರಿಂದ ಅವರ ಮಂಡಿಗೆ ಹೆಚ್ಚೇನೂ ಆಗುವುದಿಲ್ಲ. ನಿಜವಾಗಿ ಮೂಳೆ ತೆಳುವಾಗುತ್ತಿರುವವರು ಎಲ್ಲೂ ನೋವಿಲ್ಲ ಎಂದು ನೆಮ್ಮದಿಯಾಗಿ ಕುಳಿತಿರುತ್ತಾರೆ. ಆಸ್ಟಿಯೊಪೊರೋಸಿಸ್ ತಡೆಯುವ ವಿಚಾರದಲ್ಲಿ ನೋವು ಬರಲಿ ಎಂದು ಕಾಯುವುದೇ ತಪ್ಪು.

ಈ ಕಾಯಿಲೆಯಲ್ಲಿ ಮೂಳೆ ಮುರಿಯಲು ದೊಡ್ಡ ಅಪಘಾತವೇನೂ ಬೇಕಿಲ್ಲ. ನಿಂತ ಎತ್ತರದಿಂದ ಬಿದ್ದು, ಊರಿಕೊಂಡ ಕೈಯ ಮಣಿಕಟ್ಟು ಮುರಿದರೆ, ಅಥವಾ ಬಗ್ಗಿ ಭಾರ ಎತ್ತುವಾಗ ಬೆನ್ನುಮೂಳೆಯ ಒಂದು ಮಣಿ ಕುಸಿದರೆ, ಮೂಳೆ ಆಗಲೇ ಬಲ ಕಳೆದುಕೊಂಡಿದೆ ಎಂದೇ ಅನುಮಾನಿಸಬೇಕು. ಗಟ್ಟಿ ಮೂಳೆ ಅಷ್ಟಕ್ಕೆಲ್ಲ ಮುರಿಯುವುದು ಕಡಿಮೆ. ಜಗತ್ತಿನ ಲೆಕ್ಕ ತೆಗೆದುಕೊಂಡರೆ, 50 ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ, ಉಳಿದ ಆಯಸ್ಸಿನಲ್ಲಿ ಒಮ್ಮೆಯಾದರೂ ಹೀಗೆ ಮೂಳೆ ಮುರಿಯುತ್ತದೆ ಎಂಬ ಅಂದಾಜಿದೆ. ಇದು ಹೆಂಗಸರ ಕಾಯಿಲೆ ಮಾತ್ರ ಎಂದುಕೊಂಡ ಗಂಡಸರು ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಇವುಗಳಲ್ಲೆಲ್ಲ ಕೆಟ್ಟದ್ದು ಸೊಂಟದ ಹತ್ತಿರ ತೊಡೆಮೂಳೆಯ ಕುತ್ತಿಗೆ ಮುರಿಯುವುದು. ಆಪರೇಷನ್ ಬೇಕಾಗುತ್ತದೆ. ವಯಸ್ಸಾದವರಲ್ಲಿ ಹೀಗೆ ಮುರಿದುಕೊಂಡ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಅನೇಕರು ಮೊದಲಿನಂತೆ ಓಡಾಡುವುದಿಲ್ಲ. "ಜಾರಿ ಬಿದ್ದರು, ಹಾಸಿಗೆ ಹಿಡಿದರು, ಮತ್ತೆ ಏಳಲೇ ಇಲ್ಲ" ಎನ್ನುವ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಅದನ್ನು ಜಾರಿದ ತಪ್ಪು ಎಂದುಕೊಂಡಿರುತ್ತೇವೆ. ಅರ್ಧ ತಪ್ಪು ಜಾರಿದ್ದರದ್ದು, ಇನ್ನರ್ಧ ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾದದ್ದು.

ಆ ಇನ್ನರ್ಧ ಏನು ಎಂದು ತಿಳಿಯಲು ಮೂಳೆಯ ಒಳಗೆ ಹೋಗಬೇಕು.

ನಾವು ಮೂಳೆಯನ್ನು ಕಲ್ಲಿನ ಕಂಬದ ಹಾಗೆ ಎಣಿಸಿಕೊಂಡಿರುತ್ತೇವೆ. ಒಮ್ಮೆ ಬೆಳೆದು ನಿಂತ ಮೇಲೆ ಮುಗಿಯಿತು ಎಂದು. ಆದರೆ ಮೂಳೆ ಜೀವಂತ. ಅದರೊಳಗೆ ದಿನವೂ ರಿಪೇರಿ ಕೆಲಸ ನಡೆಯುತ್ತಿರುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳ ಗುಂಪೊಂದು, ಹೊಸ ಮೂಳೆ ಕಟ್ಟುವ ಗುಂಪು ಇನ್ನೊಂದು. ಕೆಡಹುವವರು ಬಂದು ಚಿಕ್ಕ ಗುಳಿ ತೋಡುತ್ತಾರೆ. ಕಟ್ಟುವವರು ಹಿಂದಿನಿಂದ ಬಂದು ಆ ಗುಳಿ ತುಂಬುತ್ತಾರೆ. ಇಡೀ ಮೈಯಲ್ಲಿ ಇಂಥ ಲಕ್ಷಾಂತರ ಜಾಗಗಳಲ್ಲಿ ಒಟ್ಟಿಗೇ ಕೆಲಸ ನಡೆದು, ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗದಷ್ಟು ಮೂಳೆ ಹೊಸದಾಗುತ್ತದೆ.

ಸುಮ್ನೆ ಇದ್ದ ಮೂಳೆಯನ್ನು ಕೆಡಹುವುದೇಕೆ? ಎರಡು ಕಾರಣ. ಓಡಾಟದಲ್ಲಿ ಮೂಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತಿರುತ್ತವೆ. ಅವನ್ನು ತೆಗೆದು ಹೊಸದು ಹಾಕದಿದ್ದರೆ ಬಿರುಕು ಬೆಳೆಯುತ್ತದೆ. ಎರಡನೆಯದು ಕ್ಯಾಲ್ಸಿಯಂ ಲೆಕ್ಕ. ದೇಹದ ಕ್ಯಾಲ್ಸಿಯಂನಲ್ಲಿ 99 ಭಾಗ ಮೂಳೆ ಮತ್ತು ಹಲ್ಲಿನಲ್ಲಿದೆ. ಉಳಿದ ಒಂದು ಭಾಗ ಮಾತ್ರ ರಕ್ತದಲ್ಲಿ ಮತ್ತು ಉಳಿದ ಅಂಗಗಳಲ್ಲಿ. ಆದರೆ ಹೃದಯ ಬಡಿಯಲು, ನರ ಮತ್ತು ಸ್ನಾಯು ಕೆಲಸ ಮಾಡಲು ಬೇಕಾದದ್ದು ಈ ಒಂದು ಭಾಗವೇ. ಅದು ಸ್ವಲ್ಪ ಇಳಿದರೂ ದೇಹ ಸಹಿಸುವುದಿಲ್ಲ. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಇಳಿದ ಕೂಡಲೇ ಅವು ಹಾರ್ಮೋನ್ ಬಿಟ್ಟು, ಮೂಳೆ ಕರಗಿಸಿಯಾದರೂ ಕೊರತೆ ತುಂಬಿಸುತ್ತವೆ. ಹೃದಯ ಮುಖ್ಯವೋ ಮೂಳೆ ಮುಖ್ಯವೋ ಎಂದರೆ ದೇಹ ಯಾವತ್ತೂ ಹೃದಯದ ಕಡೆ. ಈ ಕಾರಣಕ್ಕೇ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೆ ಮೂಳೆ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಆ ರಿಪೋರ್ಟ್ ನೋಡಿ ಸಮಾಧಾನ ಪಡುವವರು ಬಹಳ ಜನ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಮೂಳೆಗೆ ಚೆನ್ನಾಗಿ ಹೊಂದುತ್ತದೆ. ಒಂದು ಗುಳಿ ತೋಡಲು ಎರಡು ಮೂರು ವಾರ ಸಾಕು. ಅದನ್ನು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಒಟ್ಟು ಗುಳಿಗಳು ಕಡಿಮೆ ಇದ್ದಾಗ ತೊಂದರೆ ಇಲ್ಲ. ಗುಳಿ ತೋಡುವ ಜಾಗಗಳು ಒಮ್ಮೆಗೇ ಹೆಚ್ಚಾದರೆ, ಕಟ್ಟುವವರು ಎಷ್ಟು ದುಡಿದರೂ ಹಿಂದೆ ಬೀಳುತ್ತಾರೆ.

ಮುಟ್ಟು ನಿಂತಾಗ ಆಗುವುದು ಇದೇ. ಈಸ್ಟ್ರೋಜನ್ ಹಾರ್ಮೋನ್ ಅಲ್ಲಿಯ ತನಕ ಕೆಡಹುವವರ ಕೈ ಹಿಡಿದಿರುತ್ತದೆ. ಅದು ಇಳಿದ ಮೇಲೆ ಹಿಡಿತ ತಪ್ಪುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನ ಐದಾರು ವರ್ಷಗಳಲ್ಲಿ ಮೂಳೆಯ ನಷ್ಟ ತುಂಬ ವೇಗ. ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. 40ರ ಒಳಗೇ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು ಈ ವೇಗದ ಘಟ್ಟಕ್ಕೆ ಬೇಗ ಬರುತ್ತಾರೆ. ಹೀಗಾದವರು ಅದನ್ನು ಡಾಕ್ಟರ ಹತ್ತಿರ ಹೇಳಲೇಬೇಕು. ಗಂಡಸರಿಗೆ ಇಂಥ ದಿಢೀರ್ ಇಳಿತ ಇಲ್ಲ, ಮೂಳೆಯ ದಪ್ಪವೂ ಶುರುವಿನಿಂದಲೇ ಜಾಸ್ತಿ. ಹಾಗಾಗಿ ಅವರ ಸರದಿ ತಡವಾಗಿ ಬರುತ್ತದೆ, ಅಷ್ಟೇ.

ಇನ್ನೊಂದು ಸೂಕ್ಷ್ಮ ಇದೆ. ಬೆನ್ನುಮೂಳೆಯ ಒಳಭಾಗ, ಸೊಂಟದ ಮೂಳೆಯ ಒಳಭಾಗ ಜೇನುಗೂಡಿನಂತೆ ಇರುತ್ತದೆ. ನಿಂತ ಕಡ್ಡಿಗಳು, ಅವನ್ನು ಜೋಡಿಸುವ ಅಡ್ಡ ಕಡ್ಡಿಗಳು. ಕಟ್ಟಡ ಕಟ್ಟುವಾಗ ನಿಲ್ಲಿಸುವ ಸಾರುವೆಯನ್ನು ನೆನೆಸಿಕೊಳ್ಳಿ. ಅಡ್ಡ ಮರಗಳನ್ನು ಒಂದೊಂದಾಗಿ ಬಿಚ್ಚಿದರೆ ನಿಂತ ಮರಗಳು ಹಾಗೇ ಇದ್ದರೂ ಬಾಗಿ ಬೀಳುತ್ತವೆ. ಮೂಳೆಯಲ್ಲೂ ಹಾಗೆಯೇ. ತೆಳುವಾದ ಕಡ್ಡಿಯನ್ನು ಮತ್ತೆ ದಪ್ಪ ಮಾಡಬಹುದು. ತುಂಡಾಗಿ ಹೋದ ಅಡ್ಡ ಕಡ್ಡಿಯನ್ನು ಮತ್ತೆ ಜೋಡಿಸುವುದು ಬಹಳ ಕಷ್ಟ. ಆಸ್ಟಿಯೊಪೊರೋಸಿಸ್ ವಿಚಾರದಲ್ಲಿ "ಬಂದ ಮೇಲೆ ನೋಡೋಣ" ಎನ್ನುವ ಮಾತು ನಡೆಯದಿರುವುದು ಇದಕ್ಕೇ.

ಹಾಗಾದರೆ ಶುರು ಯಾವಾಗ? ಹದಿವಯಸ್ಸಿನಲ್ಲಿ. ದೊಡ್ಡವರಾದ ಮೇಲೆ ಇರುವ ಮೂಳೆಯಲ್ಲಿ ಸುಮಾರು ಕಾಲು ಭಾಗ, ಮೈ ಚಿಗುರುವ ಆ ಎರಡು ವರ್ಷಗಳಲ್ಲೇ ಕೂಡುತ್ತದೆ. 30ರ ಆಸುಪಾಸಿಗೆ ಮೂಳೆ ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇರುವುದನ್ನು ಉಳಿಸಿಕೊಳ್ಳುವ ಕೆಲಸ. ಆ ಗರಿಷ್ಠ ಮಟ್ಟ ಎಷ್ಟಿರುತ್ತದೆ ಎಂಬುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಂದೆತಾಯಿಯಿಂದ ಬಂದದ್ದು. ಅದನ್ನು ಬದಲಿಸಲು ಆಗುವುದಿಲ್ಲ. ಉಳಿದ ಪಾಲು ಆಟ, ಊಟ ಮತ್ತು ಹಾರ್ಮೋನಿನ ಕೈಯಲ್ಲಿದೆ. ತೂಕ ಇಳಿಸುವ ಹಟಕ್ಕೆ ಬಿದ್ದು ಊಟ ಬಿಟ್ಟು, ತಿಂಗಳುಗಟ್ಟಲೆ ಮುಟ್ಟು ನಿಂತುಹೋದ ಹುಡುಗಿಯ ವಿಷಯದಲ್ಲಿ ಮನೆಯವರು ಗಾಬರಿಯಾಗುವುದು ಮದುವೆ, ಮಗು ಎಂದು. ಅದೇ ಹೊತ್ತಿಗೆ ಅವಳ ಮೂಳೆಯೂ ತನ್ನ ಕಟ್ಟುವ ಕಾಲವನ್ನು ಕಳೆದುಕೊಳ್ಳುತ್ತಿರುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮೂಳೆ ಗಟ್ಟಿಯಾಗಲು ಏನು ಮಾಡಬೇಕು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಕ್ಯಾಲ್ಸಿಯಂ" ಎನ್ನುತ್ತಾರೆ. ನಾನು ಮೊದಲು ಹೇಳುವುದು ಭಾರ. ಮೂಳೆಗೆ ಕೆಲಸ ಕೊಡಬೇಕು. ಜೂಲಿಯಸ್ ವುಲ್ಫ್ ಎಂಬ ಜರ್ಮನ್ ಶಸ್ತ್ರವೈದ್ಯ 1892ರಲ್ಲೇ ಇದನ್ನು ಬರೆದಿಟ್ಟ: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಚಿಕ್ಕಂದಿನಿಂದ ಟೆನ್ನಿಸ್ ಆಡಿದವರ ಎರಡೂ ತೋಳಿನ ಮೂಳೆ ಹೋಲಿಸಿದರೆ, ರಾಕೆಟ್ ಹಿಡಿಯುವ ತೋಳಿನ ಮೂಳೆ ದಪ್ಪ. ಊಟ ಒಂದೇ, ರಕ್ತ ಒಂದೇ, ಬಿಸಿಲು ಒಂದೇ. ಬೇರೆಯಾದದ್ದು ಹೊಡೆತ ಮಾತ್ರ. ಇದರ ಇನ್ನೊಂದು ತುದಿ ಗಗನಯಾತ್ರಿಗಳದ್ದು. ತೂಕವೇ ಇಲ್ಲದ ಕಡೆ ತೇಲುತ್ತಿದ್ದರೆ, ಸೊಂಟ ಮತ್ತು ಬೆನ್ನಿನ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಭಾಗ ಕರಗುತ್ತದೆ. ಭೂಮಿಯ ಮೇಲೆ ವಯಸ್ಸಾದವರು ಒಂದು ವರ್ಷದಲ್ಲಿ ಕಳೆದುಕೊಳ್ಳುವಷ್ಟನ್ನು ಅವರು ಒಂದೇ ತಿಂಗಳಲ್ಲಿ ಕಳೆದುಕೊಳ್ಳುತ್ತಾರೆ. ಅದಕ್ಕೇ ಅವರು ಅಲ್ಲಿ ದಿನಾ ಎರಡು ಗಂಟೆ ವ್ಯಾಯಾಮಕ್ಕೆ ಇಡುತ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಮೂಳೆಗೂ ಇದೇ ಗತಿ.

ಮೂಳೆಗೆ ಭಾರ ಗೊತ್ತಾಗುವುದು ಹೇಗೆ ಎಂಬುದು ನನಗೆ ಯಾವಾಗಲೂ ಬೆರಗು ತರುವ ವಿಷಯ. ಮೂಳೆಯೊಳಗೆ ಹುದುಗಿ ಕುಳಿತ ಜೀವಕೋಶಗಳಿವೆ. ಅವುಗಳ ಸುತ್ತ ಕೂದಲೆಳೆಗಿಂತ ಸಣ್ಣ ಕಾಲುವೆಗಳು, ಅದರಲ್ಲಿ ದ್ರವ. ನೀವು ಹೆಜ್ಜೆ ಊರಿದಾಗ ಮೂಳೆ ತುಸುವೇ ತುಸು ಬಾಗುತ್ತದೆ, ಆ ದ್ರವ ಹರಿಯುತ್ತದೆ. ಆ ಹರಿವನ್ನು ಜೀವಕೋಶಗಳು ಗುರುತಿಸಿ "ಇಲ್ಲಿ ಬಲ ಬೇಕು" ಎಂದು ಕಟ್ಟುವವರಿಗೆ ಸುದ್ದಿ ಮುಟ್ಟಿಸುತ್ತವೆ. ಹರಿವಿಲ್ಲದಿದ್ದರೆ ಈ ಮೂಳೆ ಬೇಡವಾಗಿದೆ ಎಂದು ಅರ್ಥ.

ಹಾಗಾಗಿ ಎಲ್ಲ ವ್ಯಾಯಾಮವೂ ಮೂಳೆಗೆ ಒಂದೇ ಅಲ್ಲ. ಈಜು, ಸೈಕಲ್ ಹೃದಯಕ್ಕೆ ತುಂಬ ಒಳ್ಳೆಯದು. ಆದರೆ ನೀರು ಅಥವಾ ಸೀಟು ನಿಮ್ಮ ಭಾರ ಹೊತ್ತುಕೊಂಡಿರುವುದರಿಂದ ಮೂಳೆಗೆ ಅದರಿಂದ ಹೆಚ್ಚು ಲಾಭವಿಲ್ಲ. ನಡಿಗೆ ಪರವಾಗಿಲ್ಲ, ಆದರೆ ಅದೊಂದೇ ಸಾಲದು. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು, ಕುಣಿತ, ಆಗುವವರಿಗೆ ಓಟ ಮತ್ತು ನೆಗೆತ, ಇವು ಮೂಳೆಗೆ ತಟ್ಟುತ್ತವೆ. ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ. "ಈ ವಯಸ್ಸಿನಲ್ಲಿ ತೂಕ ಎತ್ತುವುದೇ?" ಎಂದು ನಗಬೇಡಿ. ಹೇಳಿಕೊಡುವವರ ಎದುರು, ಕಡಿಮೆ ತೂಕದಿಂದ ಶುರು ಮಾಡಿ ಮೆಲ್ಲಗೆ ಏರಿಸಿದರೆ 70 ದಾಟಿದವರೂ ಮಾಡಬಹುದು. ದೊಡ್ಡವರಲ್ಲಿ ಇದರಿಂದ ಮೂಳೆಯ ಸಾಂದ್ರತೆ ನೂರಕ್ಕೆ ಒಂದೆರಡು ಭಾಗ ಏರಬಹುದು, ಅಥವಾ ಇಳಿಯುವುದು ತಪ್ಪಬಹುದು. ಇಷ್ಟೇನಾ ಎನ್ನಿಸಬಹುದು. ಆದರೆ ಇದರ ದೊಡ್ಡ ಲಾಭ ಮೂಳೆಯಲ್ಲಿಲ್ಲ, ಕಾಲಿನ ಬಲದಲ್ಲಿದೆ. ಕಾಲು ಗಟ್ಟಿಯಿದ್ದವರು ಬೀಳುವುದು ಕಡಿಮೆ.

ಆಗಲೇ ಬೆನ್ನುಮೂಳೆ ತೆಳುವಾಗಿದೆ ಎಂದು ಗೊತ್ತಿರುವವರಿಗೆ ಒಂದು ಎಚ್ಚರಿಕೆ. ಬೆನ್ನು ಗುಂಡಾಗಿಸಿ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟುವುದು, ಮಲಗಿದಲ್ಲಿಂದ ಎದ್ದು ಹೊಟ್ಟೆ ಮಡಚುವುದು, ಜೋರಾಗಿ ಸೊಂಟ ತಿರುಚುವುದು ಬೇಡ. ಮಣಿಯ ಮುಂಭಾಗದ ಮೇಲೆ ಒತ್ತಡ ಬಿದ್ದು ಅದು ಕುಸಿಯಬಹುದು. ಯೋಗ ಮಾಡುವವರು ಗುರುಗಳಿಗೆ ಮೊದಲೇ ಹೇಳಿ.

ಇನ್ನು ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1,200 ಬೇಕು. ಒಂದು ದೊಡ್ಡ ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರಿನಲ್ಲಿ 300ರ ಆಸುಪಾಸು ಇರುತ್ತದೆ. ಹಾಲು ಒಗ್ಗದವರಿಗೆ ಎಳ್ಳು, ಬಾದಾಮಿ, ಕಾಳುಗಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಸೊಪ್ಪುಗಳಿವೆ. ಸೊಪ್ಪಿನಲ್ಲಿ ಪಾಲಕ್ ಮಾತ್ರ ಮೋಸಗಾರ. ಅದರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಆದರೆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ವಸ್ತು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಹಾಲಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30 ಭಾಗ ಮೈಗೆ ಹತ್ತಿದರೆ ಪಾಲಕ್‌ನದು 5 ಭಾಗ. ಪಾಲಕ್ ಬಿಡಿ ಎಂದಲ್ಲ, ಕ್ಯಾಲ್ಸಿಯಂಗಾಗಿ ಅದನ್ನು ನೆಚ್ಚಬೇಡಿ. ಪ್ರೋಟೀನ್ ಕೂಡ ಅಷ್ಟೇ ಮುಖ್ಯ, ಏಕೆಂದರೆ ಮೂಳೆಯ ಹಂದರ ಇರುವುದೇ ಪ್ರೋಟೀನಿನಿಂದ. ಕ್ಯಾಲ್ಸಿಯಂ ಅದರ ಮೇಲೆ ಕೂರುವ ಗಾರೆ. ವಯಸ್ಸಾದ ಮೇಲೆ ಊಟ ಕಡಿಮೆಯಾಗಿ ಮೊದಲು ಕಡಿತವಾಗುವುದೇ ಪ್ರೋಟೀನ್.

ಊಟದಲ್ಲಿ ಸಾಲದಿದ್ದರೆ ಮಾತ್ರ ಮಾತ್ರೆ. ಒಮ್ಮೆಗೆ 500 ಮಿಲಿಗ್ರಾಂಗಿಂತ ಜಾಸ್ತಿ ತೆಗೆದುಕೊಂಡರೆ ಮೈಗೆ ಹತ್ತುವ ಪ್ರಮಾಣ ಇಳಿಯುತ್ತದೆ. ಬೇಕಿಲ್ಲದವರು ತಿಂದರೆ ಮೂತ್ರಪಿಂಡದ ಕಲ್ಲಿಗೆ ದಾರಿಯಾಗಬಹುದು.

ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ. ಚರ್ಮದ ಮೇಲೆ ಬಿಸಿಲು ಬಿದ್ದಾಗ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಆಗುವುದಿಲ್ಲ. ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಚರ್ಮ ಕಪ್ಪಾದಷ್ಟೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಕೊರತೆ ಇದ್ದವರಿಗೆ ಮಾತ್ರೆ ನಿಜಕ್ಕೂ ಉಪಕಾರಿ. ಆದರೆ ಕೊರತೆ ಇಲ್ಲದವರಿಗೆ? ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಾ 2,000 ಯೂನಿಟ್ ವಿಟಮಿನ್ ಡಿ ತೆಗೆದುಕೊಂಡ ಆರೋಗ್ಯವಂತರಲ್ಲಿ ಮೂಳೆ ಮುರಿತವೇನೂ ಕಡಿಮೆಯಾಗಿರಲಿಲ್ಲ. ಇನ್ನೂ ಸೋಜಿಗದ್ದು 2010ರ ಆಸ್ಟ್ರೇಲಿಯಾದ ಪ್ರಯೋಗ. 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೇ ಕೊಟ್ಟಿದ್ದರು. ಅವರು ಬೀಳುವುದೂ ಹೆಚ್ಚಾಯಿತು, ಮುರಿದುಕೊಳ್ಳುವುದೂ ಹೆಚ್ಚಾಯಿತು. ಒಳ್ಳೆಯದು ಎಂದು ಸುರಿದುಕೊಂಡರೆ ಇನ್ನೂ ಒಳ್ಳೆಯದಾಗುವುದಿಲ್ಲ.

ಸಿಗರೇಟು ಮೂಳೆ ಕಟ್ಟುವ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಮಿತಿಮೀರಿದ ಕುಡಿತ ಮೂಳೆಯನ್ನೂ ಕೆಡಿಸುತ್ತದೆ, ಬೀಳಿಸುತ್ತದೆ ಕೂಡ. ಇವೆರಡರ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ಗೊತ್ತಿಲ್ಲದ್ದು ಸ್ಟಿರಾಯ್ಡ್ ಮಾತ್ರೆಗಳ ವಿಷಯ. ಉಬ್ಬಸಕ್ಕೋ ಕೀಲುವಾತಕ್ಕೋ ಪ್ರೆಡ್ನಿಸೊಲೋನ್‌ನಂಥ ಮಾತ್ರೆಯನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವವರಲ್ಲಿ ಮೂಳೆ ವೇಗವಾಗಿ ಇಳಿಯುತ್ತದೆ, ಅದೂ ಮೊದಲ ಕೆಲವು ತಿಂಗಳಲ್ಲೇ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ಮೂಳೆಗೆ ಏನು ರಕ್ಷಣೆ ಎಂದು ಡಾಕ್ಟರನ್ನು ಕೇಳಿ. ಥೈರಾಯ್ಡ್ ಹೆಚ್ಚಾಗಿರುವವರು, ಕೆಲವು ಅಪಸ್ಮಾರದ ಔಷಧಿ ತೆಗೆದುಕೊಳ್ಳುವವರು, ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಪಡೆಯುವವರು, ತೀರಾ ಸಣಕಲು ಮೈಯವರು, ಅಪ್ಪ ಅಥವಾ ಅಮ್ಮನ ಸೊಂಟದ ಮೂಳೆ ಮುರಿದಿದ್ದವರು ಕೂಡ ಇದೇ ಪ್ರಶ್ನೆ ಕೇಳಬೇಕು.

ಪರೀಕ್ಷೆಗೆ ಬರೋಣ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿರುವುದು ಕಾಣಬೇಕಾದರೆ ಆಗಲೇ ಸುಮಾರು ಮೂರನೇ ಒಂದು ಭಾಗ ಹೋಗಿರಬೇಕು. ಸರಿಯಾದ ಪರೀಕ್ಷೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಕೆಲವೇ ನಿಮಿಷ, ಸೂಜಿ ಇಲ್ಲ, ವಿಕಿರಣ ತೀರಾ ಕಡಿಮೆ. ಅದು ಟಿ-ಸ್ಕೋರ್ ಎಂಬ ಅಂಕಿ ಕೊಡುತ್ತದೆ. ಗಟ್ಟಿಮುಟ್ಟಾದ ಯುವಜನರ ಸರಾಸರಿಗಿಂತ ನಿಮ್ಮ ಮೂಳೆ ಎಷ್ಟು ಕೆಳಗಿದೆ ಎಂಬ ಲೆಕ್ಕ ಅದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು: ಮೈನಸ್ 1ರ ತನಕ ಸರಿ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ನಡುವಿನದು ಆಸ್ಟಿಯೊಪೀನಿಯ. 65 ದಾಟಿದ ಹೆಂಗಸರು, ಅದಕ್ಕಿಂತ ಚಿಕ್ಕವರಾದರೂ ಮೇಲೆ ಹೇಳಿದ ಕಾರಣಗಳಿರುವವರು ಮಾಡಿಸಿಕೊಳ್ಳುವುದು ರೂಢಿ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಸ್ಕೋರ್ ಚೀಟಿ ಕೊಡುತ್ತಾರಲ್ಲ, ಅದನ್ನು ನೋಡಿ ಹೆದರಲೂ ಬೇಡಿ, ಔಷಧಿ ಶುರು ಮಾಡಲೂ ಬೇಡಿ. ಅದು ಡೆಕ್ಸಾಗೆ ಬದಲಿಯಲ್ಲ.

ಆ ಗೆರೆಯನ್ನೂ ದೇವರ ವಾಕ್ಯ ಎಂದುಕೊಳ್ಳಬೇಕಿಲ್ಲ. ಮೂಳೆ ಮುರಿದುಕೊಂಡವರಲ್ಲಿ ಬಹಳಷ್ಟು ಜನರ ಸ್ಕೋರ್ ಮೈನಸ್ 2.5ರವರೆಗೆ ಇಳಿದೇ ಇರುವುದಿಲ್ಲ. ಇದೇ ಕಾರಣಕ್ಕೆ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಫ್ರ್ಯಾಕ್ಸ್ ಎಂಬ ಲೆಕ್ಕದ ಸಾಧನ ತಂದರು. ವಯಸ್ಸು, ತೂಕ, ಹಿಂದಿನ ಮುರಿತ, ಸ್ಟಿರಾಯ್ಡ್, ಸಿಗರೇಟು ಇಂಥ ಹತ್ತಾರು ಪ್ರಶ್ನೆ ಕೇಳಿ, ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ. ಸ್ಕ್ಯಾನ್ ಇಲ್ಲದೆಯೂ ನಡೆಯುತ್ತದೆ. ಅಪಾಯ ಹೆಚ್ಚಿದ್ದವರಿಗೆ ಒಳ್ಳೆಯ ಔಷಧಿಗಳಿವೆ. ಕೆಡಹುವವರನ್ನು ತಡೆಯುವ, ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅದರಲ್ಲಿ ಹಳೆಯದು. ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡಬಹುದು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ನನ್ನು ಮಾತ್ರ ಹಠಾತ್ತಾಗಿ ಬಿಡಬಾರದು. ಬಿಟ್ಟರೆ ಅದು ತಡೆದಿಟ್ಟಿದ್ದ ಕೆಡಹುವವರೆಲ್ಲ ಒಮ್ಮೆಗೇ ಕೆಲಸಕ್ಕಿಳಿದು, ಬೆನ್ನುಮೂಳೆಯ ಹಲವು ಮಣಿಗಳು ಒಟ್ಟಿಗೆ ಕುಸಿಯುವ ಅಪಾಯವಿದೆ.

ಮೂಳೆಯಷ್ಟೇ ನೆಲದ ಕಡೆಗೂ ಗಮನ ಬೇಕು. ತೆಳುವಾದ ಮೂಳೆಯೂ ಬೀಳದಿದ್ದರೆ ಬಹಳ ಸಲ ಉಳಿದುಕೊಳ್ಳುತ್ತದೆ. 65 ದಾಟಿದವರಲ್ಲಿ ಮೂವರಲ್ಲಿ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ, ಬಚ್ಚಲ ಗೋಡೆಗೆ ಹಿಡಿ, ಒದ್ದೆಯಲ್ಲಿ ಜಾರದ ನೆಲ, ಮಡಚಿಕೊಳ್ಳುವ ಕಾಲೊರೆಸು ತೆಗೆದುಹಾಕುವುದು. ಕಣ್ಣಿನ ಪೊರೆ ತೆಗೆಸುವುದನ್ನು ಮುಂದೂಡದಿರುವುದು. ನಿದ್ದೆ ಮಾತ್ರೆ, ಎದ್ದು ನಿಂತರೆ ತಲೆ ಸುತ್ತಿಸುವ ಬಿಪಿ ಮಾತ್ರೆಗಳ ಬಗ್ಗೆ ಡಾಕ್ಟರ ಹತ್ತಿರ ಮಾತಾಡುವುದು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ. ಸಮತೋಲನ ಮತ್ತು ಕಾಲಿನ ಬಲದ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ.

ಈ ಕಾಯಿಲೆ ಸುಳಿವೇ ಕೊಡುವುದಿಲ್ಲ ಎಂದೆ. ಎರಡು ಸುಳಿವು ಕೊಡುತ್ತದೆ, ನಾವು ಓದಿಕೊಳ್ಳುವುದಿಲ್ಲ. ಒಂದು, ಎತ್ತರ. ಬೆನ್ನುಮೂಳೆಯ ಮಣಿಗಳು ಕುಸಿದರೂ ಎಷ್ಟೋ ಜನ ಅದನ್ನು ಸುಮ್ಮನೆ ಬೆನ್ನುನೋವು ಎಂದುಕೊಳ್ಳುತ್ತಾರೆ, ಕೆಲವರಿಗೆ ನೋವೂ ಬರುವುದಿಲ್ಲ. ಬೆನ್ನು ಗೂನಾಗುತ್ತದೆ, ಬಟ್ಟೆ ಮುಂದೆ ಜೋತು ಬೀಳುತ್ತದೆ, ಕೈಗೆ ಸಿಗುತ್ತಿದ್ದ ಶೆಲ್ಫು ಸಿಗುವುದಿಲ್ಲ. ವಯಸ್ಸಿನ ಲಕ್ಷಣ ಎಂದು ಬಿಟ್ಟುಬಿಡುತ್ತೇವೆ. 50 ಆದ ಮೇಲೆ ವರ್ಷಕ್ಕೊಮ್ಮೆ ಗೋಡೆಗೆ ಒರಗಿ ಎತ್ತರ ಅಳೆದು ಬರೆದಿಡಿ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು.

ಇನ್ನೊಂದು, ಮೊದಲ ಮುರಿತ. ಐವತ್ತರ ಆಚೆ ಕಾಲು ಜಾರಿ ಮಣಿಕಟ್ಟು ಮುರಿಯುತ್ತದೆ. ಪ್ಲಾಸ್ಟರ್ ಹಾಕುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ, ಕೈ ಆಡಿಸಿ ನೋಡಿ ಎನ್ನುತ್ತಾರೆ, ಎಲ್ಲರೂ ಮನೆಗೆ ಹೋಗುತ್ತಾರೆ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು, ಅದರಲ್ಲೂ ಮೊದಲ ಎರಡು ವರ್ಷ ತುಂಬ ಜಾಸ್ತಿ. ಪ್ಲಾಸ್ಟರ್ ಬಿಚ್ಚಿಸಿಕೊಂಡ ದಿನ ಅಲ್ಲಿಂದ ಏಳುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: "ಕೈ ಸರಿಹೋಯಿತು. ನನ್ನ ಉಳಿದ ಮೂಳೆಗಳನ್ನು ಯಾವಾಗ ನೋಡುತ್ತೀರಿ?"